ಇ-ಇಂಕ್ ಪರದೆಗೆ ಕನ್ನಡ ಫಾಂಟ್ ಆಯ್ದುಕೊಳ್ಳುವ ಬಗೆ: ಒತ್ತಕ್ಷರದಿಂದ ಮೊದಲಾಗುವ ಪರೀಕ್ಷೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನಿಗೆ ಮೊಬೈಲ್ ಪರದೆಯ ಬೆಳಕು ಸಹಿಸದಂತಾಯಿತು. ಆಗ ಆರು ಇಂಚಿನ ಇ-ರೀಡರ್ ಒಂದನ್ನು ತಂದು, ಅದಕ್ಕೆ ನಾಲ್ಕಾರು ಕನ್ನಡ ಪುಸ್ತಕಗಳನ್ನೂ ಕಂಪ್ಯೂಟರಿನಲ್ಲಿ ನನಗೆ ಚೆಂದವೆನಿಸಿದ್ದ ಒಂದು ಫಾಂಟನ್ನೂ ತುಂಬಿಸಿಕೊಟ್ಟೆ. ಮೊದಲ ದಿನ ಸಂಜೆ ಗಟ್ಟಿಯಾಗಿ ಓದುತ್ತಿದ್ದ ಅಮ್ಮ, "ಅಂಗಳದ ತುಂಬ ಮಾಮ ಬಿದ್ದಿತ್ತು" ಎಂದು ಓದಿ ತಡೆದು ನಿಂತರು. ಪುಟದಲ್ಲಿ ಇದ್ದದ್ದು "ಮಾವು". ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದರೂ ಅವರಿಗೆ ಅದು ಮಾಮನೇ ಆಗಿ ಕಂಡಿತು. ನಾನೂ ಹತ್ತಿರದಿಂದ ನೋಡಿದೆ: ವಕಾರಕ್ಕೆ ಕೆಳಗಿನಿಂದ ಹಚ್ಚಬೇಕಾದ ಕೊಂಬನ್ನು ಆ ಫಾಂಟಿನಲ್ಲಿ ಎಷ್ಟು ತೆಳ್ಳಗೆ, ಎಷ್ಟು ಒತ್ತಾಗಿ ಎಳೆದಿದ್ದರೆಂದರೆ, ಬೂದು ಬಣ್ಣದ ಪರದೆಯ ಮೇಲೆ "ವು" ಮತ್ತು "ಮ" ಎರಡೂ ಒಂದೇ ಆಗಿಬಿಟ್ಟಿದ್ದವು.

ಫಾಂಟನ್ನು ಅದರ ಒಟ್ಟಾರೆ ಚೆಲುವಿನಿಂದ ಆಯ್ದುಕೊಳ್ಳಬಾರದು, ಅಕ್ಷರದ ಬುಡ ನೋಡಿ ಆಯ್ದುಕೊಳ್ಳಬೇಕು ಎಂಬುದು ಆ ದಿನ ನನಗೆ ಮನವರಿಕೆಯಾಯಿತು. ಕೊಂಬು, ಒತ್ತು, ಮಹಾಪ್ರಾಣದ ಸೀಳು, ಅರ್ಕಾವತ್ತು ಇವೆಲ್ಲವೂ ಕನ್ನಡದಲ್ಲಿ ಅಕ್ಷರದ ಅಡಿಯಲ್ಲಿ ಅಥವಾ ಮಗ್ಗುಲಲ್ಲಿ ಚಿಕ್ಕದಾಗಿ ಕೂರುವಂಥವು. ಇ-ಇಂಕ್ ಪರದೆ ಮೊದಲು ನುಂಗುವುದು ಇವನ್ನೇ. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಮಾತನ್ನೇ ಹಿಡಿದು ಹೊರಡುತ್ತವೆ.

ಮೊದಲ ಹಂತ: ಪರದೆಯ ಗುಣವನ್ನು ಅರಿತುಕೊಳ್ಳುವುದು

ಇ-ಇಂಕ್ ತಂತ್ರಜ್ಞಾನ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಹುಟ್ಟಿದ್ದು. ಅದನ್ನು ತಯಾರಿಸುವ ಇ ಇಂಕ್ ಸಂಸ್ಥೆ ಶುರುವಾದದ್ದು 1997ರಲ್ಲಿ. ಪರದೆಯೊಳಗೆ ಕೂದಲೆಳೆಯ ದಪ್ಪದ ಲೆಕ್ಕವಿಲ್ಲದಷ್ಟು ಗುಳಿಗೆಗಳಿದ್ದು, ಪ್ರತಿಯೊಂದರಲ್ಲೂ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ. ಅವುಗಳ ವಿದ್ಯುದಾವೇಶ ಒಂದಕ್ಕೊಂದು ವಿರುದ್ಧವಾದ್ದರಿಂದ, ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಕಪ್ಪು ಇಲ್ಲವೇ ಬಿಳಿ ಕಣಗಳು ಮೇಲಕ್ಕೆ ಬಂದು ನಿಲ್ಲುತ್ತವೆ. ಕರೆಂಟ್ ಹೋದರೂ ಅಲ್ಲೇ ಇರುತ್ತವೆ. ಪರದೆ ತಾನಾಗಿ ಬೆಳಗುವುದಿಲ್ಲ, ಕೋಣೆಯ ಬೆಳಕನ್ನು ಕಾಗದದ ಹಾಗೆ ಹಿಂದಕ್ಕೆ ಕಳುಹಿಸುತ್ತದೆ. ಕಣ್ಣಿಗೆ ತಂಪು ಎನಿಸುವುದು ಈ ಕಾರಣಕ್ಕೆ. ಆದರೆ ಅದರ ಬಿಳಿ ಒಳ್ಳೆಯ ಕಾಗದದ ಬಿಳಿಯಲ್ಲ, ಹೆಚ್ಚೆಂದರೆ ದಿನಪತ್ರಿಕೆಯ ಕಾಗದದ ಬಿಳಿ. ಅದರ ಕಪ್ಪು ಕೂಡ ಅಚ್ಚಿನ ಮಸಿಯಷ್ಟು ಗಾಢವಲ್ಲ. ಇವೆರಡರ ನಡುವೆ ಸಾಮಾನ್ಯವಾಗಿ 16 ಛಾಯೆಗಳು ಮಾತ್ರ ಸಿಗುತ್ತವೆ.

ಇದರಿಂದ ಅಕ್ಷರಕ್ಕೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಇಂಚಿಗೆ 300 ಪಿಕ್ಸೆಲ್ ಇರುವ ಪರದೆಯಲ್ಲಿ ಒಂದು ಪಿಕ್ಸೆಲಿನ ಅಗಲ ಸುಮಾರು 0.085 ಮಿಲಿಮೀಟರ್. 12 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಅಲ್ಲಿ 50 ಪಿಕ್ಸೆಲ್ ಎತ್ತರದ ಜಾಗ ಸಿಗುತ್ತದೆ. ಹಳೆಯ, ಅಗ್ಗದ ಸಾಧನಗಳಲ್ಲಿರುವ 167 ಪಿಕ್ಸೆಲ್ ಪರದೆಯಲ್ಲಿ ಅದೇ ಅಕ್ಷರಕ್ಕೆ ಸಿಗುವುದು ಸುಮಾರು 28 ಪಿಕ್ಸೆಲ್. ಫಾಂಟಿನ ತೆಳು ಗೆರೆ ಅಕ್ಷರದ ಗಾತ್ರದ ನೂರರಲ್ಲಿ ನಾಲ್ಕು ಪಾಲು ಇದ್ದರೆ, ಮೊದಲನೆಯದರಲ್ಲಿ ಅದು ಎರಡು ಪಿಕ್ಸೆಲ್, ಎರಡನೆಯದರಲ್ಲಿ ಒಂದೇ ಪಿಕ್ಸೆಲ್. ಒತ್ತಕ್ಷರ ಮುಖ್ಯ ಅಕ್ಷರಕ್ಕಿಂತ ಚಿಕ್ಕದಾದ್ದರಿಂದ ಅದರ ಗೆರೆ ಇನ್ನೂ ಸೊರಗಿ, ಅರ್ಧ ಪಿಕ್ಸೆಲಿಗೆ ಇಳಿಯಬಹುದು. ಅರ್ಧ ಪಿಕ್ಸೆಲನ್ನು ತೋರಿಸಲು ಯಾವ ಪರದೆಗೂ ಬಾರದು; ಅದು ಇಡೀ ಪಿಕ್ಸೆಲನ್ನೇ ಬೂದು ಮಾಡಿ ತೋರಿಸುತ್ತದೆ. ಹಿನ್ನೆಲೆಯೇ ಮಾಸಲು, ಅದರ ಮೇಲೆ ಬೂದು ಗೆರೆ ಎಂದರೆ ಒತ್ತು ಇದ್ದೂ ಇಲ್ಲದ ಹಾಗೆ.

ರೋಮನ್ ಲಿಪಿಯಲ್ಲೂ ಈ ತೊಂದರೆ ಇದ್ದದ್ದೇ. ಅಮೆಜಾನಿನ ಇ-ರೀಡರ್ ಆದ ಕಿಂಡಲ್ 2007ರಲ್ಲಿ ಬಂದಾಗ ಅದರ ಮುಖ್ಯ ಫಾಂಟ್ ಆಗಿದ್ದದ್ದು ಗೆರೆಗಳ ದಪ್ಪದಲ್ಲಿ ಹೆಚ್ಚು ಏರುಪೇರಿಲ್ಲದ, ಪಾದಗಳು ಗಟ್ಟಿಯಾಗಿರುವ ಸಿಸಿಲಿಯಾ. ಪರದೆಗಳು ಸೂಕ್ಷ್ಮವಾದ ಮೇಲೆ, 2015ರಲ್ಲಿ, ಡಾಲ್ಟನ್ ಮಾಗ್ ಸಂಸ್ಥೆ ರೂಪಿಸಿದ ಬುಕರ್ಲಿ ಅದರ ಜಾಗಕ್ಕೆ ಬಂತು. ಓದುವ ಪರದೆಗೆಂದೇ ಅಕ್ಷರ ಬರೆಸುವಷ್ಟು ಕಾಳಜಿ ಆ ಲಿಪಿಗೆ ಸಿಕ್ಕಿತು. ಕನ್ನಡಕ್ಕೆ ಅಂಥ ಆರೈಕೆ ಕಡಿಮೆ; 2016ರ ಡಿಸೆಂಬರಿನಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಪುಸ್ತಕವನ್ನೂ ಫಾಂಟನ್ನೂ ನಾವೇ ಹೊಂದಿಸಿಕೊಳ್ಳುವ ಕೆಲಸ ಇಂದಿಗೂ ಕನ್ನಡ ಓದುಗರ ಪಾಲಿಗಿದೆ.

ಬಣ್ಣದ ಇ-ಇಂಕ್ ಪರದೆ ಕೊಳ್ಳುವ ಯೋಚನೆಯಿದ್ದರೆ ಒಂದು ಮಾತು. ಕೆಲೈಡೋ 3 ಮಾದರಿಯ ಪರದೆಯಲ್ಲಿ ಕಪ್ಪು-ಬಿಳುಪು ಬರಹಕ್ಕೆ 300 ಪಿಕ್ಸೆಲ್ ಸಿಕ್ಕರೂ ಬಣ್ಣಕ್ಕೆ ಸಿಗುವುದು 150 ಮಾತ್ರ. ಮೇಲೆ ಬಣ್ಣದ ಜಾಲರಿ ಇರುವುದರಿಂದ ಹಿನ್ನೆಲೆ ಇನ್ನಷ್ಟು ಮಸುಕಾಗುತ್ತದೆ. ಬರಿಯ ಕಾದಂಬರಿ, ಕಥೆ, ಪ್ರಬಂಧ ಓದುವವರಿಗೆ ಕಪ್ಪು-ಬಿಳುಪಿನ ಪರದೆಯೇ ಮೇಲು.

ಎರಡನೆಯ ಹಂತ: ಪಠ್ಯ ಯೂನಿಕೋಡ್ ಆಗಿದೆಯೇ, ಸಾಧನಕ್ಕೆ ಒತ್ತು ಕೂರಿಸಲು ಬರುತ್ತದೆಯೇ

ಫಾಂಟ್ ಬದಲಿಸುವ ಮುನ್ನ ಪಠ್ಯವನ್ನು ನೋಡಬೇಕು. ಅದು ಯೂನಿಕೋಡಿನಲ್ಲಿ, ಅಂದರೆ ಕನ್ನಡದ ಪ್ರತಿ ಮೂಲ ಅಕ್ಷರಕ್ಕೂ ಅದರದೇ ಸಂಕೇತವಿರುವ ವ್ಯವಸ್ಥೆಯಲ್ಲಿ ಇರಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಿ ಒಳಗಿರುವುದು ಕನ್ನಡವಲ್ಲ, ಕನ್ನಡದ ಚಿತ್ರ ಹೊದ್ದ ರೋಮನ್ ಅಕ್ಷರಗಳು. ಆ ಕಡತಕ್ಕೆ ಬೇರೆ ಫಾಂಟ್ ಹಾಕಿದೊಡನೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಎದುರಾಗುತ್ತದೆ. ಹಾಗಾದರೆ ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತು ಮತ್ತು ಅರ್ಕಾವತ್ತಿನ ಜಾಗಗಳನ್ನು ಕಣ್ಣಾರೆ ತಿದ್ದಿಕೊಂಡು, ಆಮೇಲೆ ಇ-ಪಬ್, ಅಂದರೆ ಇ-ಪುಸ್ತಕದ ಕಡತ ಮಾಡಿ. ಪಿಡಿಎಫ್ ಕಡತದಲ್ಲಿ ಫಾಂಟ್ ಮತ್ತು ಪುಟದ ಅಳತೆ ಮೊದಲೇ ಗೊತ್ತುಪಡಿಸಿರುವುದರಿಂದ ಈ ಮಾರ್ಗದರ್ಶಿ ಅದಕ್ಕೆ ಅನ್ವಯಿಸುವುದಿಲ್ಲ.

ಪಠ್ಯ ಸರಿಯಿದ್ದರೂ ಅದನ್ನು ಜೋಡಿಸುವ ತಂತ್ರಾಂಶ ಸರಿಯಿರಬೇಕು. "ರಾಷ್ಟ್ರ" ಎಂಬ ಪದ ಕಡತದಲ್ಲಿ ಏಳು ಸಂಕೇತಗಳ ಸಾಲಾಗಿ ಕೂತಿರುತ್ತದೆ: ರ, ದೀರ್ಘ, ಷ, ಹಲಂತ, ಟ, ಹಲಂತ, ರ. ಟಕಾರವನ್ನೂ ರಕಾರವನ್ನೂ ಒತ್ತಾಗಿ ಮಾಡಿ ಷಕಾರದ ಕೆಳಗೆ ಇಳಿಸಬೇಕೆಂಬ ನಿಯಮ ಫಾಂಟಿನೊಳಗಿನ ಕೋಷ್ಟಕಗಳಲ್ಲಿರುತ್ತದೆ. ಆ ನಿಯಮವನ್ನು ಓದಿ ನಡೆಸಿಕೊಡುವುದು ಸಾಧನದ ಜೋಡಣೆಯ ಎಂಜಿನ್. ಎಂಜಿನ್ನಿಗೆ ಅದು ಬಾರದಿದ್ದರೆ ಪುಟದಲ್ಲಿ "ರಾಷ್‌ಟ್‌ರ" ಎಂದು ಬಿಡಿಬಿಡಿಯಾಗಿ ಕಾಣುತ್ತದೆ, ಏತ್ವ ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಹೋಗುತ್ತದೆ, ಕೆಲವೆಡೆ ಚುಕ್ಕಿಗಳಿಂದ ಮಾಡಿದ ಒಂದು ಸೊನ್ನೆ ಕಾಣಿಸಿಕೊಳ್ಳುತ್ತದೆ. ಅಂಥ ಪುಟ ಕಂಡ ಕೂಡಲೇ ಫಾಂಟನ್ನು ದೂರಿ ಅಳಿಸಿಹಾಕುವವರು ಬಹಳ ಮಂದಿ. ಅದೇ ಕಡತವನ್ನೂ ಅದೇ ಫಾಂಟನ್ನೂ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ದೋಷ ಎಂಜಿನ್ನಿನದು, ಎಷ್ಟು ಫಾಂಟ್ ಬದಲಿಸಿದರೂ ಹೋಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಕೋರೀಡರ್ ಎಂಬ ಮುಕ್ತ ತಂತ್ರಾಂಶ. ಕೋಬೋ, ಪಾಕೆಟ್‌ಬುಕ್ ಮತ್ತು ಆಂಡ್ರಾಯ್ಡ್ ಇ-ರೀಡರ್‌ಗಳಲ್ಲಿ ಇದು ನಡೆಯುತ್ತದೆ. ಕಿಂಡಲ್‌ನಲ್ಲಿ ಹಾಕಬೇಕಾದರೆ ಸಾಧನದ ಬೀಗ ಒಡೆಯಬೇಕಾಗುತ್ತದೆ, ಅಭ್ಯಾಸವಿಲ್ಲದವರು ಆ ಗೋಜಿಗೆ ಹೋಗದಿರುವುದು ಒಳ್ಳೆಯದು. ಕೋರೀಡರ್ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಎಂಜಿನ್ ಬಳಸುತ್ತದೆ. ಅದರ ಫಾಂಟ್ ಮೆನುವಿನಲ್ಲಿ ಕರ್ನಿಂಗ್ ಎಂಬ ಆಯ್ಕೆಯನ್ನು 'ಬೆಸ್ಟ್' ಎಂದೇ ಇಟ್ಟಿರಬೇಕು. ವೇಗಕ್ಕಾಗಿ 'ಫಾಸ್ಟ್' ಎಂದು ಇಟ್ಟರೆ ಒತ್ತುಗಳು ಕಳಚಿ ಬೀಳುತ್ತವೆ. ಹಿಂಟಿಂಗ್ ಎಂಬ ಇನ್ನೊಂದು ಆಯ್ಕೆ ಇದೆ, ಅದು ಗೆರೆಗಳನ್ನು ಪಿಕ್ಸೆಲಿನ ಚೌಕಕ್ಕೆ ಎಳೆದು ಕೂರಿಸುವಂಥದು. ರೋಮನ್ ಅಕ್ಷರದ ನೆಟ್ಟನೆಯ ಕಂಬಗಳಿಗೆ ಅದು ಹಿತವಾದರೂ ಕನ್ನಡದ ದುಂಡನೆಯ ಬಾಗುಗಳನ್ನು ಮೊಂಡಾಗಿಸುತ್ತದೆ. 300 ಪಿಕ್ಸೆಲ್ ಪರದೆಯಲ್ಲಿ ಅದನ್ನು ಆಫ್ ಮಾಡಿಯೇ ಓದಿ.

ಮೂರನೆಯ ಹಂತ: ನಾಲ್ಕೈದು ಫಾಂಟುಗಳನ್ನು ಮಾತ್ರ ಎದುರಿಗಿಟ್ಟುಕೊಳ್ಳುವುದು

ಎಲ್ಲ ಫಾಂಟುಗಳನ್ನೂ ಒಮ್ಮೆಲೇ ತುಂಬಿಸಿಕೊಂಡರೆ ಕಣ್ಣು ಬೇಗ ಮೊಂಡಾಗುತ್ತದೆ. ಬೇರೆ ಬೇರೆ ಜಾಯಮಾನದ ನಾಲ್ಕೈದು ಸಾಕು.

ನೋಟೋ ಸಾನ್ಸ್ ಕನ್ನಡದಿಂದ ಆರಂಭಿಸಬಹುದು. ಗೂಗಲ್ ಬಿಡುಗಡೆ ಮಾಡಿರುವ ಈ ಫಾಂಟಿನಲ್ಲಿ ಗೆರೆಯ ದಪ್ಪ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಅದಕ್ಕಿಂತ ಮುಖ್ಯವಾಗಿ, ಬಲು ತೆಳುವಿನಿಂದ ಬಲು ದಪ್ಪದವರೆಗೆ ಒಂಬತ್ತು ತೂಕಗಳಲ್ಲಿ ಸಿಗುತ್ತದೆ. ಇ-ಇಂಕ್ ಓದಿಗೆ ಇದರ ರೆಗ್ಯುಲರ್ ಅಲ್ಲ, ಅದಕ್ಕಿಂತ ತುಸು ದಪ್ಪನೆಯ ಮೀಡಿಯಂ ತೂಕ ನನಗೆ ಒಗ್ಗಿದೆ. ಅಚ್ಚಿನ ಪುಸ್ತಕದ ಹಾಗೆ ದಪ್ಪ-ತೆಳುವಿನ ಏರಿಳಿತ ಬೇಕೆನ್ನುವವರಿಗೆ ನೋಟೋ ಸೆರಿಫ್ ಕನ್ನಡ ಇದೆ. ಅದರಲ್ಲೂ ತೂಕದ ಆಯ್ಕೆಗಳಿರುವುದರಿಂದ ತೆಳು ಗೆರೆ ಸೊರಗಿ ಕಂಡರೆ ಒಂದು ಮೆಟ್ಟಿಲು ಮೇಲೇರಬಹುದು.

ಟಿರೋ ಕನ್ನಡ ನನಗೆ ಬಹಳ ಪ್ರಿಯವಾದ ಫಾಂಟ್. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಮಾಲೆಗೆಂದು ಟಿರೋ ಟೈಪ್‌ವರ್ಕ್ಸ್ ರೂಪಿಸಿದ ಅಕ್ಷರಗಳಿಂದ ಬಂದದ್ದು ಇದು. ಹಳೆಯ ಅಚ್ಚುಮೊಳೆಯ ಸಾಂಪ್ರದಾಯಿಕ ಕಳೆ ಇದರಲ್ಲಿದೆ. ಕಾವ್ಯ, ವಚನ, ಹಳಗನ್ನಡದ ಪಠ್ಯಕ್ಕೆ ಇದು ಮನಸ್ಸಿಗೆ ಹಿಡಿಸುತ್ತದೆ. ಆದರೆ ಇದಕ್ಕೆ ದಪ್ಪ ತೂಕವೇ ಇಲ್ಲ, ರೆಗ್ಯುಲರ್ ಮತ್ತು ಓರೆ ರೂಪಗಳು ಮಾತ್ರ. 300 ಪಿಕ್ಸೆಲ್ ಪರದೆಯಲ್ಲಿ, ಗಾತ್ರವನ್ನು ತುಸು ಹಿಗ್ಗಿಸಿ ಓದಿದರೆ ಚೆನ್ನ; 167 ಪಿಕ್ಸೆಲ್ ಪರದೆಗೆ ಇದನ್ನು ನಾನು ಹೇಳಲಾರೆ.

ಇಲ್ಲಿ ಅಚ್ಚುಮೊಳೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸೀಸದ ಮೊಳೆ ಕಾಗದವನ್ನು ಒತ್ತಿದಾಗ ಮಸಿ ಅಂಚಿನಾಚೆಗೆ ಒಂದಿಷ್ಟು ಹರಡುತ್ತಿತ್ತು, ಹಾಗಾಗಿ ಮೊಳೆಯಲ್ಲಿ ತೆಳುವಾಗಿದ್ದ ಗೆರೆ ಪುಟದಲ್ಲಿ ಮೈತುಂಬಿಕೊಂಡು ಬರುತ್ತಿತ್ತು. ನಮ್ಮ ಹಿರಿಯರ ಕಾಲದ ಪುಸ್ತಕಗಳ ಅಕ್ಷರ ಇಂದಿಗೂ ಓದಲು ಹಿತವೆನಿಸುವುದಕ್ಕೆ ಆ ಮಸಿಯ ಹರವೂ ಒಂದು ಕಾರಣ. ಪರದೆಯಲ್ಲಿ ಮಸಿ ಹರಡುವುದಿಲ್ಲ. ಮೊಳೆಯ ಆಕಾರವನ್ನು ಇದ್ದದ್ದು ಇದ್ದಂತೆಯೇ ಅನುಸರಿಸಿದ ಯಾವ ಫಾಂಟಾದರೂ ಇಲ್ಲಿ ಬಡಕಲಾಗಿ ಕಾಣುತ್ತದೆ, ಆ ಕೊರತೆಯನ್ನು ತೂಕದಿಂದ ತುಂಬಬೇಕಾಗುತ್ತದೆ.

ಏಕ್ ಟೈಪ್ ಬಳಗದ ಅನೇಕ್ ಕನ್ನಡದಲ್ಲಿ ತೂಕದ ಜೊತೆಗೆ ಅಗಲವನ್ನೂ ಆಯ್ದುಕೊಳ್ಳಬಹುದು. ಕನ್ನಡದ ಪದಗಳು ಉದ್ದ, ಆರು ಇಂಚಿನ ಪರದೆಯ ಅಗಲವೋ ಸುಮಾರು 90 ಮಿಲಿಮೀಟರ್. ದೊಡ್ಡ ಗಾತ್ರದಲ್ಲಿ ಓದಬೇಕಾದವರಿಗೆ ಇದರ ಸ್ವಲ್ಪ ಒತ್ತಾದ ರೂಪ ಸಾಲಿಗೆ ಒಂದು ಪದವನ್ನು ಹೆಚ್ಚಾಗಿ ಕೂರಿಸಿಕೊಡುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಲಿನಕ್ಸ್ ಬಳಸುವವರಿಗೆ ಪರಿಚಿತ ಹೆಸರುಗಳು, ಇವನ್ನೂ ಒಮ್ಮೆ ನೋಡಬಹುದು. ಬಾಲೂ ತಮ್ಮ, ಅಕಾಯ ಕನಡಕ ಮೊದಲಾದವು ಶೀರ್ಷಿಕೆಗೆ ಅಂದ, ಇನ್ನೂರು ಪುಟದ ಓದಿಗೆ ಅಲ್ಲ. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಯುಐ ಫಾಂಟುಗಳು ಆ ವ್ಯವಸ್ಥೆಯ ಪರವಾನಗಿಗೆ ಒಳಪಟ್ಟವು. ನೋಟೋ, ಟಿರೋ, ಅನೇಕ್ ಮೂರೂ ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ಸಾಧನಕ್ಕೆ ಹಾಕಲು, ಪುಸ್ತಕದೊಳಗೆ ಅಡಕಮಾಡಲು ಯಾವ ಅಂಜಿಕೆಯೂ ಬೇಡ.

ಇಳಿಸಿಕೊಳ್ಳುವಾಗ ಒಂದು ಎಚ್ಚರಿಕೆ. ಗೂಗಲ್ ಫಾಂಟ್ಸ್‌ನಿಂದ ಬರುವ ಜಿಪ್ ಕಡತದಲ್ಲಿ ಎಲ್ಲ ತೂಕಗಳನ್ನೂ ಒಳಗೊಂಡ ಒಂದು ವೇರಿಯಬಲ್ ಫಾಂಟ್ ಹೊರಗೇ ಕಾಣುತ್ತದೆ, 'ಸ್ಟ್ಯಾಟಿಕ್' ಎಂಬ ಫೋಲ್ಡರಿನೊಳಗೆ ಬಿಡಿ ತೂಕಗಳಿರುತ್ತವೆ. ವೇರಿಯಬಲ್ ಫಾಂಟ್ ಹಾಕಿದರೆ ಎಷ್ಟೋ ಇ-ರೀಡರ್‌ಗಳು ಅದರ ಒಂದೇ ತೂಕವನ್ನು ತೋರಿಸಿ ಸುಮ್ಮನಾಗುತ್ತವೆ. ಬಿಡಿ ಕಡತಗಳನ್ನೇ ತೆಗೆದುಕೊಳ್ಳಿ.

ನಾಲ್ಕನೆಯ ಹಂತ: ಪರೀಕ್ಷಾ ಪುಟವನ್ನು ಬರೆದುಕೊಳ್ಳುವುದು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು, ಅರ್ಧ ಗಂಟೆ ಕೊಟ್ಟರೂ ನಷ್ಟವಿಲ್ಲ. ಕೆಳಗಿನ ಸಾಲುಗಳನ್ನು ಒಂದು ಕಡತದಲ್ಲಿ ಬೆರಳಚ್ಚು ಮಾಡಿ, ಕ್ಯಾಲಿಬರ್ ತಂತ್ರಾಂಶದಿಂದ ಇ-ಪಬ್ ಆಗಿಸಿ ಇಟ್ಟುಕೊಳ್ಳಿ.

ಒಂದರಂತೆ ಇನ್ನೊಂದು ಕಾಣುವ ಜೋಡಿಗಳು:
ಮಾವು – ಮಾಮ, ನಾವು – ನಾಮ, ಅಮ್ಮ – ಅವ್ವ, ಮನ – ವನ, ದನ – ಧನ, ಪದ – ಪಥ, ಬಾರ – ಭಾರ, ಕತೆ – ಕಥೆ, ಬುದ್ದಿ – ಬುದ್ಧಿ, ಪಲ – ಫಲ, ನರ – ಸರ

ಎರಡಂತಸ್ತಿನ ಒತ್ತುಗಳು:
ರಾಷ್ಟ್ರ, ಸ್ತ್ರೀ, ಶಾಸ್ತ್ರ, ಲಕ್ಷ್ಮಿ, ಸಾಕ್ಷ್ಯ, ವೈಶಿಷ್ಟ್ಯ, ಸ್ವಾತಂತ್ರ್ಯ, ಉಜ್ಜ್ವಲ, ತತ್ತ್ವ

ಅರ್ಕಾವತ್ತು ಮತ್ತು ಅದಿಲ್ಲದ ರಕಾರ:
ಧರ್ಮ, ಸೂರ್ಯ, ಅರ್ಘ್ಯ, ಕರ್ತೃ, ರ‍್ಯಾಂಕ್, ರ‍್ಯಾಲಿ

ಒತ್ತಾಗದೆ ನಿಲ್ಲಬೇಕಾದ ವ್ಯಂಜನಗಳು:
ಸಾಫ್ಟ್‌ವೇರ್, ಮೊಬೈಲ್‌ನಲ್ಲಿ, ಫೇಸ್‌ಬುಕ್

ಅಪರೂಪದವು:
ಫ಼, ಜ಼, ಅಱಿವು, ಪೞೆಯ, ಶಿವೋಽಹಂ, ೦೧೨೩೪೫೬೭೮೯, ₹

ಇನ್ನು ಇವನ್ನು ನೋಡುವ ಬಗೆ. ಮೊದಲ ಗುಂಪನ್ನು ಓದಲೆಂದು ಓದಬೇಡಿ, ಕೈಗಡಿಯಾರ ರಿಪೇರಿ ಮಾಡುವವರ ಹಾಗೆ ನೋಡಿ. "ದನ" ಮತ್ತು "ಧನ" ಎಂಬೆರಡರ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಸೀಳಿನಲ್ಲಿದೆ. ಶಾಲೆಯಲ್ಲಿ ಮೇಷ್ಟರು ಪಕಾರ, ಷಕಾರ ಬೇರೆ ಮಾಡಿ ಹೇಳಲು 'ಹೊಟ್ಟೆ ಸೀಳಿದ ಷ' ಎಂದು ಕಲಿಸುತ್ತಿದ್ದರು. ಆ ಸೀಳು ಪರದೆಯಲ್ಲಿ ಒಂದೆರಡು ಪಿಕ್ಸೆಲ್ ಉದ್ದದ ಕಪ್ಪು ಕಡ್ಡಿ. ಅದು ಸ್ಪಷ್ಟವಾಗಿ ಕಪ್ಪಾಗಿ ನಿಂತಿದೆಯೇ, ಸುತ್ತಲಿನ ಗೆರೆಗೆ ಅಂಟಿಕೊಂಡು ಒಂದು ಮುದ್ದೆಯಾಗಿದೆಯೇ ಎಂದು ನೋಡಿ. ಬಹಳ ದಪ್ಪ ತೂಕದಲ್ಲಿ ಈ ಅಂಟಿಕೊಳ್ಳುವ ದೋಷ ಬರುತ್ತದೆ, ಬಹಳ ತೆಳು ತೂಕದಲ್ಲಿ ಸೀಳು ಮಾಯವಾಗುತ್ತದೆ. ಎರಡರ ನಡುವೆ ನಿಮ್ಮ ಪರದೆಗೆ ತಕ್ಕ ತೂಕ ಒಂದು ಇದ್ದೇ ಇರುತ್ತದೆ. "ಪಥ"ದ ಥಕಾರದಲ್ಲಿ ಒಳಗಿನ ಚುಕ್ಕಿಯೂ ಬಿಡಿಯಾಗಿ ಕಾಣಬೇಕು. "ಮಾವು – ಮಾಮ" ಜೋಡಿಯಲ್ಲಿ ಕೊಂಬು ಎಲ್ಲಿಂದ ಹೊರಡುತ್ತದೆ ಎಂಬುದನ್ನು ನೋಡಿ. ಪ, ಫ, ವ ಈ ಮೂರಕ್ಕೂ ಕೊಂಬನ್ನು ಕೆಳಗಿನಿಂದ ಹಚ್ಚುವ ರೂಢಿ ಬಂದಿರುವುದೇ ವಕಾರ ಮಕಾರವಾಗದಿರಲಿ ಎಂದು; ಒಳ್ಳೆಯ ಫಾಂಟಿನಲ್ಲಿ ಆ ಕೊಂಬು ಸಾಲಿನ ಗೆರೆಗಿಂತ ಸ್ಪಷ್ಟವಾಗಿ ಕೆಳಗಿಳಿದಿರುತ್ತದೆ.

ಎರಡನೆಯ ಗುಂಪಿನಲ್ಲಿ ಒತ್ತಿನ ಒತ್ತು ಎಲ್ಲಿ ಕೂತಿದೆ ಎಂಬುದು ಮುಖ್ಯ. "ಸ್ತ್ರೀ"ಯಲ್ಲಿ ತಒತ್ತು, ರಒತ್ತು ಎರಡೂ ಬೇಕು, ಮೇಲೆ ದೀರ್ಘವೂ ಬೇಕು. ಕೆಲವು ಫಾಂಟುಗಳಲ್ಲಿ ಎರಡನೆಯ ಒತ್ತು ಒಂದನೆಯದರ ಮೇಲೆಯೇ ಕೂತು ಎರಡೂ ಅರ್ಥವಾಗದಂತಾಗುತ್ತದೆ. ಇನ್ನು ಕೆಲವು ಎರಡನ್ನೂ ಪಕ್ಕಪಕ್ಕಕ್ಕೆ ಇಡುತ್ತವೆ, ಆಗ ಮುಂದಿನ ಅಕ್ಷರದ ಒತ್ತಿಗೆ ತಾಗಬಹುದು. ಪಕ್ಕಕ್ಕೆ ಇಡುವ ಪದ್ಧತಿ ಇ-ಇಂಕ್ ಓದಿಗೆ ಅನುಕೂಲವೆಂದು ನನ್ನ ಅಭಿಪ್ರಾಯ, ಸಾಲುಗಳ ನಡುವಿನ ಅಂತರ ಉಳಿಯುತ್ತದೆ.

"ರ‍್ಯಾಂಕ್", "ರ‍್ಯಾಲಿ" ಪದಗಳಲ್ಲಿ ರಕಾರ ಪೂರ್ಣವಾಗಿ ನಿಂತು ಯಒತ್ತು ಕೆಳಗೆ ಬರಬೇಕು. ಅದರ ಬದಲು ಯಕಾರಕ್ಕೆ ಅರ್ಕಾವತ್ತು ಬಂದಿದ್ದರೆ, ನಡುವೆ ಇರುವ ಕಾಣದ ಜೋಡಕ ಸಂಕೇತವನ್ನು ಎಂಜಿನ್ ಇಲ್ಲವೇ ಫಾಂಟ್ ಗಣನೆಗೆ ತೆಗೆದುಕೊಂಡಿಲ್ಲ ಎಂದು ಅರ್ಥ. "ಸಾಫ್ಟ್‌ವೇರ್" ಪದದಲ್ಲಿ ವಕಾರ ಒತ್ತಾಗಿ ಕೆಳಗಿಳಿದರೂ, ಕಾಣದ ಸಂಕೇತದ ಜಾಗದಲ್ಲಿ ಖಾಲಿ ಚೌಕ ಮೂಡಿದರೂ ಅದೇ ಕಾಯಿಲೆ. ಅಪರೂಪದ ಅಕ್ಷರಗಳು ಎಲ್ಲರಿಗೂ ಬೇಕಾಗುವುದಿಲ್ಲ. ಪಂಪ, ರನ್ನರನ್ನು ಓದುವವರಿಗೆ ಱಕಾರ, ೞಕಾರ ಇಲ್ಲದ ಫಾಂಟ್ ಪ್ರಯೋಜನವಿಲ್ಲ. ಇಂದಿನ ಕಥೆ, ಕಾದಂಬರಿ ಓದುವವರು ಆ ಸಾಲನ್ನು ಬಿಟ್ಟರೂ ನಡೆಯುತ್ತದೆ. ಅಂಕಿಗಳಲ್ಲಿ ೬, ೭, ೯ ಮೂರನ್ನೂ ಬಿಡಿಬಿಡಿಯಾಗಿ ನೋಡಿ, ಬಾಲದ ತಿರುವಿನಲ್ಲಷ್ಟೇ ಅವುಗಳ ಗುರುತು.

ಐದನೆಯ ಹಂತ: ಸಾಧನಕ್ಕೆ ಹಾಕುವುದು

ಇದು ಸುಲಭ. ಕಿಂಡಲನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಅದರೊಳಗೆ 'ಫಾಂಟ್ಸ್' ಎಂಬ ಫೋಲ್ಡರ್ ಕಾಣುತ್ತದೆ, ಟಿಟಿಎಫ್ ಅಥವಾ ಒಟಿಎಫ್ ಕಡತಗಳನ್ನು ಅದರಲ್ಲಿ ಹಾಕಿದರೆ ಸಾಕು; 2018ರ ನಂತರದ ತಂತ್ರಾಂಶವಿರುವ ಸಾಧನಗಳಲ್ಲಿ ಈ ಸೌಲಭ್ಯವಿದೆ. ಕೋಬೋದಲ್ಲಿ ಅದೇ ಹೆಸರಿನ ಫೋಲ್ಡರನ್ನು ನಾವೇ ಮಾಡಬೇಕು. ಪಾಕೆಟ್‌ಬುಕ್‌ನಲ್ಲಿ 'ಸಿಸ್ಟಮ್' ಫೋಲ್ಡರಿನೊಳಗಿನ 'ಫಾಂಟ್ಸ್', ಕೋರೀಡರಿಗೆ 'ಕೋರೀಡರ್' ಫೋಲ್ಡರಿನೊಳಗಿನ 'ಫಾಂಟ್ಸ್'. ರೆಗ್ಯುಲರ್ ಜೊತೆಗೆ ಬೋಲ್ಡ್ ಕಡತವನ್ನೂ ಹಾಕಿ. ಅದಿಲ್ಲದಿದ್ದರೆ ಅಧ್ಯಾಯದ ತಲೆಬರಹ ಬಂದಾಗ ಸಾಧನ ತಾನೇ ಅಕ್ಷರವನ್ನು ಉಬ್ಬಿಸಿ ತೋರಿಸುತ್ತದೆ, ಉಬ್ಬಿಸಿದಾಗ ಸೀಳು, ಚುಕ್ಕಿಗಳು ಮುಚ್ಚಿಹೋಗುತ್ತವೆ. ಓರೆ ಅಕ್ಷರ ಕನ್ನಡದ ಸಂಪ್ರದಾಯದಲ್ಲಿ ಇಲ್ಲ, ಅದರ ಕಡತ ಹಾಕದಿದ್ದರೂ ಕೊರತೆಯಾಗದು.

ಆರನೆಯ ಹಂತ: ಗಾತ್ರ, ಸಾಲಿನ ಅಂತರ, ತೂಕ

ಗಾತ್ರವನ್ನು ಮುಖ್ಯ ಅಕ್ಷರ ನೋಡಿ ನಿರ್ಧರಿಸಿದರೆ ತಪ್ಪಾಗುತ್ತದೆ. ಪರೀಕ್ಷಾ ಪುಟದ ಎರಡನೆಯ ಗುಂಪನ್ನು ತೆರೆದು, ಸಾಧನವನ್ನು ನೀವು ದಿನವೂ ಹಿಡಿಯುವ ದೂರದಲ್ಲಿ ಹಿಡಿದು, ಅತಿ ಚಿಕ್ಕ ಗಾತ್ರದಿಂದ ಒಂದೊಂದೇ ಮೆಟ್ಟಿಲು ಹಿಗ್ಗಿಸುತ್ತಾ ಬನ್ನಿ. "ಸ್ವಾತಂತ್ರ್ಯ"ದ ರಒತ್ತು, ಯಒತ್ತುಗಳು ಕಣ್ಣು ಕಿರಿದು ಮಾಡದೆ ಬೇರೆ ಬೇರೆಯಾಗಿ ಕಂಡ ಮೆಟ್ಟಿಲು ಯಾವುದೋ, ಅದೇ ನಿಮ್ಮ ಕನಿಷ್ಠ ಗಾತ್ರ. ಅದರ ಮೇಲೆ ಇನ್ನೊಂದು ಮೆಟ್ಟಿಲು ಹೋಗಿ ನಿಲ್ಲಿ. ಸಂಜೆಯ ದಣಿದ ಕಣ್ಣಿಗೆ ಆ ಒಂದು ಮೆಟ್ಟಿಲು ಬೇಕು. ಒಂದೇ ಪಾಯಿಂಟ್ ಸಂಖ್ಯೆಯಲ್ಲಿ ಒಂದು ಫಾಂಟ್ ದೊಡ್ಡದಾಗಿಯೂ ಇನ್ನೊಂದು ಚಿಕ್ಕದಾಗಿಯೂ ಕಾಣುವುದರಿಂದ ಪ್ರತಿ ಫಾಂಟಿಗೂ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಸಂಖ್ಯೆಯನ್ನು ನಂಬಬಾರದು.

ಸಾಲಿನ ಅಂತರಕ್ಕೆ ಎರಡು ಸಾಲು ಬರೆದುಕೊಳ್ಳಿ: ಮೇಲೆ "ರಾಷ್ಟ್ರ ಸ್ವಾತಂತ್ರ್ಯ ವೈಶಿಷ್ಟ್ಯ ಶಾಸ್ತ್ರ", ಅದರ ಕೆಳಗೆ "ಹೌದು ಗೌರವ ಕೀರ್ತಿ ಟೀಕೆ". ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಔತ್ವಗಳಿಗೆ ತಾಗಬಾರದು, ನಡುವೆ ಬಿಳಿ ಪಟ್ಟಿಯೊಂದು ಕಾಣುತ್ತಿರಬೇಕು. ಇಂಗ್ಲಿಷಿಗೆ ಹೊಂದಿಸಿಟ್ಟ ಅಂತರ ಕನ್ನಡಕ್ಕೆ ಸಾಲುವುದೇ ಇಲ್ಲ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಿಂದ ಶುರುಮಾಡಿ 1.7ರವರೆಗೆ ಹೋಗಿ ನೋಡಿ. ಅದಕ್ಕಿಂತ ಹೆಚ್ಚಾದರೆ ಸಾಲುಗಳು ಒಂದರಿಂದೊಂದು ದೂರವಾಗಿ ಓದಿನ ಓಟ ತಪ್ಪುತ್ತದೆ.

ಎರಡೂ ಅಂಚು ಸಮವಾಗಿರುವ ಜೋಡಣೆಯನ್ನು ಬಿಟ್ಟು ಎಡ ಅಂಚಿನ ಜೋಡಣೆಯನ್ನು ಆರಿಸಿಕೊಳ್ಳಿ. "ಹೋಗಬೇಕಾಗಿದ್ದವರಿಗೆಲ್ಲ" ಎಂಬಂಥ ಒಂದೇ ಪದ ಕಿರುಪರದೆಯ ಅರ್ಧ ಸಾಲನ್ನು ತಿನ್ನುತ್ತದೆ. ಅದು ಮುಂದಿನ ಸಾಲಿಗೆ ಜಾರಿದರೆ ಉಳಿದ ಎರಡು ಪದಗಳ ನಡುವೆ ಊರಗಲ ಖಾಲಿ ಬೀಳುತ್ತದೆ. ಸಾಧನಕ್ಕೆ ಕನ್ನಡ ಪದ ಒಡೆಯುವ ನಿಯಮ ಗೊತ್ತಿಲ್ಲದಿದ್ದರೆ ಅಡ್ಡಗೆರೆ ಹಾಕಿ ಒಡೆಯುವ ಆಯ್ಕೆಯನ್ನೂ ಆಫ್ ಮಾಡಿ, ಒತ್ತನ್ನು ಅಕ್ಷರದಿಂದ ಬೇರ್ಪಡಿಸಿ ಮುಂದಿನ ಸಾಲಿಗೆ ಎಸೆದ ಪುಟಗಳನ್ನು ನಾನು ನೋಡಿದ್ದೇನೆ.

ತೂಕ ಹೆಚ್ಚಿಸುವ ಗುಂಡಿ ಹಲವು ಸಾಧನಗಳಲ್ಲಿ ಇರುತ್ತದೆ. ಫಾಂಟಿನಲ್ಲೇ ಮೀಡಿಯಂ ಕಡತ ಇದ್ದರೆ ಅದನ್ನೇ ಬಳಸಿ, ಗುಂಡಿಯನ್ನು ಮುಟ್ಟಬೇಡಿ. ಅಕ್ಷರ ವಿನ್ಯಾಸಕಾರರು ತೂಕ ಹೆಚ್ಚಿಸುವಾಗ ಸೀಳಿನ ಜಾಗ, ಒತ್ತಿನ ಒಳಗಿನ ಬಿಳಿಯನ್ನು ಕಾಪಾಡಿಕೊಂಡಿರುತ್ತಾರೆ. ಗುಂಡಿ ಎಲ್ಲ ಗೆರೆಗಳನ್ನೂ ಒಂದೇ ಸಮನೆ ಊದಿಸುತ್ತದೆ.

ಏಳನೆಯ ಹಂತ: ಓದಿ ಅಳೆಯುವುದು

ಪರೀಕ್ಷಾ ಪುಟದಲ್ಲಿ ಗೆದ್ದ ಎರಡು ಫಾಂ‌ಟುಗಳನ್ನು ಉಳಿಸಿಕೊಂಡು ನಿಜವಾದ ಪುಸ್ತಕ ಓದಿ. ಪುಸ್ತಕ ಕೈಯಲ್ಲಿಲ್ಲದಿದ್ದರೆ ಕನ್ನಡ ವಿಕಿಸೋರ್ಸ್‌ನಿಂದ ಹಳೆಯ ಕೃತಿಗಳನ್ನು ಇ-ಪಬ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಮೊದಲ ಫಾಂಟಿನಲ್ಲಿ ಹತ್ತು ಪುಟ, ಎರಡನೆಯದರಲ್ಲಿ ಹತ್ತು ಪುಟ ಗಟ್ಟಿಯಾಗಿ ಓದಿ, ಎಡವಿದ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಮಾರನೆಯ ದಿನ ಕ್ರಮವನ್ನು ತಿರುಗಿಸಿ, ಏಕೆಂದರೆ ಎರಡನೆಯದಾಗಿ ಓದಿದ್ದಕ್ಕೆ ದಣಿವಿನ ಶಿಕ್ಷೆ ಬೀಳುತ್ತದೆ. ಗಟ್ಟಿಯಾಗಿ ಓದುವುದು ಇಲ್ಲಿ ಅತ್ಯಗತ್ಯ. ಮನಸ್ಸಿನಲ್ಲೇ ಓದುವಾಗ ಸಂದರ್ಭದಿಂದ ಊಹಿಸಿ ತಪ್ಪನ್ನು ದಾಟಿಬಿಡುತ್ತೇವೆ, ಬಾಯಿ ಹಾಗೆ ದಾಟುವುದಿಲ್ಲ.

ಬೆಳಕನ್ನೂ ಬದಲಿಸಿ ನೋಡಬೇಕು: ಜಗುಲಿಯ ಹಗಲು ಬೆಳಕು, ರಾತ್ರಿಯ ಟ್ಯೂಬ್‌ಲೈಟ್, ಮಲಗುವ ಮುನ್ನ ಸಾಧನದ್ದೇ ಮುಂಬೆಳಕು. ಬಿಸಿಲಿನಲ್ಲಿ ಎಲ್ಲ ಫಾಂಟುಗಳೂ ಚೆನ್ನಾಗಿ ಕಾಣುತ್ತವೆ. ಮಂದ ಟ್ಯೂಬ್‌ಲೈಟಿನ ಕೆಳಗೆ ಸೋತ ಫಾಂಟನ್ನು ಅಲ್ಲಿಗೇ ಕೈಬಿಡಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಓದುವ ಅಭ್ಯಾಸವಿದ್ದರೆ ಆ ರೂಪದಲ್ಲೂ ಒಮ್ಮೆ ನೋಡಿ, ಅಲ್ಲಿ ಒತ್ತಿನ ಬಿಳಿ ಗೆರೆ ಇನ್ನಷ್ಟು ಸೊರಗಬಹುದು. ಹಿಂದಿನ ಪುಟದ ನೆರಳು ಉಳಿದು ಅಕ್ಷರ ಮಸುಕಾಗಿ ಕಂಡರೆ ಅದು ಫಾಂಟಿನ ತಪ್ಪಲ್ಲ. ಪರದೆಯನ್ನು ಪೂರ್ತಿ ಒರೆಸಿ ಹೊಸದಾಗಿಸುವ ಆಯ್ಕೆಯನ್ನು ಪುಟ ಪುಟಕ್ಕೂ ಬರುವಂತೆ ಇಟ್ಟು ಆಮೇಲೆ ತೀರ್ಮಾನಿಸಿ.

ಇ-ಪಬ್ ಮಾಡಿ ಹಂಚುವವರಿಗೆ

ನೀವೇ ಕನ್ನಡ ಇ-ಪಬ್ ಸಿದ್ಧಪಡಿಸುವವರಾದರೆ ಮುಕ್ತ ಪರವಾನಗಿಯ ಫಾಂಟೊಂದನ್ನು ಪುಸ್ತಕದೊಳಗೆ ಅಡಕಮಾಡಿ, ಪುಸ್ತಕದ ಭಾಷೆ ಕನ್ನಡವೆಂದು ಮೆಟಾಡೇಟಾದಲ್ಲಿ ತಪ್ಪದೆ ನಮೂದಿಸಿ. ಕಡತದ ಗಾತ್ರ ಇಳಿಸಲು ಫಾಂಟಿನಿಂದ ಬಳಕೆಯಾಗದ ಅಕ್ಷರಗಳನ್ನು ಕಿತ್ತುಹಾಕುವ ಸೌಲಭ್ಯ ಬಳಸಿದರೆ, ಬಳಿಕ ಪರೀಕ್ಷಾ ಪುಟವನ್ನು ಇನ್ನೊಮ್ಮೆ ನೋಡಲೇಬೇಕು: ಒತ್ತುಗಳಿಗೆ ತಮ್ಮದೇ ಯೂನಿಕೋಡ್ ಸಂಕೇತವಿಲ್ಲ, ಅವು ಫಾಂಟಿನೊಳಗೆ ಅಡಗಿರುವ ಚಿತ್ರಗಳು, ಅರೆಬರೆ ತಿಳಿದ ಸಲಕರಣೆ ಅವನ್ನು ಬಳಕೆಯಿಲ್ಲದವೆಂದು ತಿಳಿದು ತೆಗೆದುಹಾಕೀತು. ಅಕ್ಷರದ ಗಾತ್ರವನ್ನು ಪಿಕ್ಸೆಲಿನಲ್ಲೋ ಪಾಯಿಂಟಿನಲ್ಲೋ ಬಿಗಿಯಾಗಿ ಕಟ್ಟಿಹಾಕಬೇಡಿ. ಓದುಗರು ತಮ್ಮ ಫಾಂಟನ್ನೇ ಹಾಕಿಕೊಳ್ಳಲು ಅಡ್ಡಿಯಾಗುವ ಯಾವುದನ್ನೂ ಸೇರಿಸಬೇಡಿ.

ಅಮ್ಮನ ಸಾಧನದಲ್ಲಿ ಈಗ ಉಳಿದಿರುವುದು ನೋಟೋ ಸಾನ್ಸ್ ಕನ್ನಡದ ಮೀಡಿಯಂ, ಸಾಲಿನ ಅಂತರ 1.6, ಎಡ ಅಂಚಿನ ಜೋಡಣೆ. ನನಗೆ ಇಷ್ಟವಾದ ಟಿರೋವನ್ನು ಅವರು ಎರಡು ಸಂಜೆ ಓದಿ, ವಚನಗಳಿಗೆ ಮಾತ್ರ ಇರಲಿ ಎಂದರು. ವಚನದ ಸಾಲು ಚಿಕ್ಕದು, ನಿಧಾನವಾಗಿ ಓದುವಂಥದು, ಅಲ್ಲಿ ತೆಳು ಗೆರೆ ಅವರಿಗೆ ತೊಡಕಾಗಲಿಲ್ಲ. ಪರೀಕ್ಷಾ ಪುಟ ಸಾಧನದಲ್ಲೇ ಇದೆ. ತಂತ್ರಾಂಶ ನವೀಕರಣವಾದಾಗಲೆಲ್ಲ ಮೊದಲು ಅದನ್ನು ತೆರೆದು, "ಮಾವು – ಮಾಮ" ಸಾಲನ್ನು ಅವರಿಂದಲೇ ಓದಿಸುತ್ತೇನೆ.